ಏಳಕ್ಕೆ ಹೂಂ, ಎಂಟಕ್ಕೆ ಇಲ್ಲ

ಟೇಲರಮ್ಮನ ಕೋಪ ಮೂಗಿನ ತುದಿಯಲ್ಲಿರುವ ಜಾತಿಯದಲ್ಲ. ಬರುವುದೇ ಅಪರೂಪ, ಬಂದರೆ ಮಾತ್ರ ಹೋಗುವ ಹೆಸರೆತ್ತುವುದಿಲ್ಲ. ಅರವತ್ತೊಂದು ವರ್ಷದ ಹೆಂಗಸು. ಹೊಲಿಗೆ ಮಿಷನ್ ತುಳಿದೂ ತುಳಿದೂ ಮಂಡಿ ಸವೆದಿದೆ, ತುಟಿಯ ನಡುವೆ ಸದಾ ಎರಡು ಗುಂಡುಸೂಜಿ. ಊರಿನ ಕ್ರೈಸ್ತ ಸಭೆಯ ದೀಕ್ಷಾಸ್ನಾನದ ಬಿಳಿ ನಿಲುವಂಗಿಗಳನ್ನು ಇಪ್ಪತ್ತೆಂಟು ವರ್ಷದಿಂದ ಹೊಲಿಯುತ್ತ ಬಂದವಳು ಅವಳೇ.

ಆ ಸಭೆಯಲ್ಲಿ ತಲೆಗೆ ನಾಲ್ಕು ಹನಿ ಚಿಮುಕಿಸಿ ಮುಗಿಸುವ ಪದ್ಧತಿ ಇಲ್ಲ. ವೇದಿಕೆಯ ಹಿಂದೆ, ಪರದೆಯ ಮರೆಯಲ್ಲಿ, ಸಿಮೆಂಟಿನ ದೊಡ್ಡ ತೊಟ್ಟಿಯಿದೆ. ನಂಬಿದವರು ಸೊಂಟಮಟ್ಟದ ನೀರಿಗಿಳಿದು ಪೂರ್ತಿ ಮುಳುಗಿ ಏಳಬೇಕು. ಮೊದಲ ವರ್ಷ ಅವಳು ಹೊಲಿದ ನಿಲುವಂಗಿ ತೊಟ್ಟು ಒಬ್ಬ ದಪ್ಪನೆಯ ಹೆಂಗಸು ಇಳಿದದ್ದೇ ತಡ, ಬಟ್ಟೆ ನೀರಿನ ಮೇಲೆ ಕೊಡೆಯ ಹಾಗೆ ಅರಳಿತು. ಗಂಡಸರೆಲ್ಲ ಎಂದೂ ಇಲ್ಲದ ಭಕ್ತಿಯಿಂದ ಹಾಡಿನ ಪುಸ್ತಕದಲ್ಲಿ ಮುಖ ಹುದುಗಿಸಿದರು. ಟೇಲರಮ್ಮ ಮನೆಗೆ ಬಂದು ನಾಚಿಕೆಯಿಂದ ಅತ್ತಳು. ಅವಳ ಗಂಡ ನಲ್ಲಿ ರಿಪೇರಿಯವನು, ಊರಿಗೆಲ್ಲ ನಲ್ಲಿಯಣ್ಣ. ಅವನು ಹೊಟ್ಟೆ ಹಿಡಿದುಕೊಂಡು ನಕ್ಕು, ಆಮೇಲೆ ತನ್ನ ಚೀಲದಿಂದ ಒಂದು ಹಿಡಿ ಹಿತ್ತಾಳೆಯ ವಾಷರು ತೆಗೆದು ಅವಳ ಮುಂದೆ ಸುರಿದ. ಅಂಚಿನ ಮಡಿಕೆಯೊಳಗೆ ಇಟ್ಟು ಹೊಲಿ, ಬಟ್ಟೆ ಏಳುವುದಿಲ್ಲ. ಕಬ್ಬಿಣದ್ದು ಬೇಡ, ತುಕ್ಕಿನ ಕಲೆ ಬೀಳುತ್ತದೆ ಅಂದ. ಅಂದಿನಿಂದ ಒಂದೊಂದು ನಿಲುವಂಗಿಗೆ ಹತ್ತು ವಾಷರು. ಮತ್ತೆ ಯಾರ ಬಟ್ಟೆಯೂ ಮೇಲೇಳಲಿಲ್ಲ.

ನಲ್ಲಿಯಣ್ಣ ಮಾತ್ರ ನಂಬಿದವನಲ್ಲ. ಪ್ರತಿ ಭಾನುವಾರ ಹೆಂಡತಿಯನ್ನು ಸ್ಕೂಟರಿನಲ್ಲಿ ಕರೆತಂದು, ಬಾಗಿಲ ಪಕ್ಕದ ಕೊನೆಯ ಬೆಂಚಿನಲ್ಲಿ ಕಾಲಬಳಿ ಚೀಲ ಇಟ್ಟುಕೊಂಡು ಕೂರುತ್ತಿದ್ದ. ಪಾಸ್ಟರ ಪ್ರಸಂಗ ಅರ್ಧಕ್ಕೆ ಬರುವಷ್ಟರಲ್ಲಿ ತೂಕಡಿಸುತ್ತಿದ್ದ. ಯಾರಾದರೂ ರಕ್ಷಣೆಯ ಮಾತೆತ್ತಿದರೆ, ನಿಮ್ಮ ತೊಟ್ಟಿಗೆ ನಾನು ಇಳಿದಷ್ಟು ಸಲ ನಿಮ್ಮಲ್ಲಿ ಯಾರೂ ಇಳಿದಿಲ್ಲ ಬಿಡಿ ಎನ್ನುತ್ತಿದ್ದ. ಅದೇನು ಸುಳ್ಳಲ್ಲ. ತೊಟ್ಟಿ ಸೋರಿದಾಗಲೆಲ್ಲ ಇಳಿಯುತ್ತಿದ್ದವನು ಅವನೇ. ತಳದ ವಾಲ್ವ್ ಕೆಟ್ಟಾಗ, ಮುಚ್ಚಿಹೋದ ಯಾವುದೋ ಕಾರ್ಖಾನೆಯ ಹಳೆಯ ವಾಲ್ವ್ ತಂದು ಕೂರಿಸಿದ. ಲೋಕದ ವಾಲ್ವುಗಳೆಲ್ಲ ಬಲಕ್ಕೆ ತಿರುಗಿಸಿದರೆ ಮುಚ್ಚುತ್ತವೆ, ಇದು ಎಡಕ್ಕೆ. ಟಾರ್ಚ್ ಹಿಡಿದು ನಿಂತಿದ್ದ ಹೆಂಡತಿಗೆ ಅದು ಗೊತ್ತಿತ್ತು. ಬೇರೆಯವರಿಗೆ ಹೇಳುವ ಸಂದರ್ಭವೇ ಬರಲಿಲ್ಲ, ಅದನ್ನು ಮುಟ್ಟುತ್ತಿದ್ದವನು ಅವನೊಬ್ಬನೇ.

ಸಭೆಗೆ ಎಂಟು ನಂಬಿಕೆಯ ಅಂಶಗಳು. ಗೋಡೆಯ ಮೇಲೆ ನೀಲಿ ಅಕ್ಷರದಲ್ಲಿ ಬರೆಸಿದ್ದಾರೆ. ಸತ್ಯವೇದದಲ್ಲಿ ತಪ್ಪಿಲ್ಲ. ದೇವರು ಒಬ್ಬನೇ, ತಂದೆ, ಮಗ, ಪವಿತ್ರಾತ್ಮ. ಯೇಸು ನಮ್ಮ ಪಾಪಕ್ಕಾಗಿ ಸತ್ತು ಎದ್ದ. ಮನುಷ್ಯ ಹುಟ್ಟಿನಿಂದಲೇ ಪಾಪಿ. ರಕ್ಷಣೆ ನಂಬಿಕೆಯಿಂದಲೇ, ಒಳ್ಳೆಯ ಕೆಲಸದಿಂದಲ್ಲ. ನಂಬಿದವನೇ ನೀರಿಗಿಳಿಯಬೇಕು. ಯೇಸು ಮತ್ತೆ ಬರುತ್ತಾನೆ. ಎಂಟನೆಯದು, ನಂಬಿದವರಿಗೆ ನಿತ್ಯಜೀವ, ನಂಬದೆ ಸತ್ತವರಿಗೆ ನರಕದ ನಿತ್ಯದಂಡನೆ. ದೀಕ್ಷಾಸ್ನಾನದ ಭಾನುವಾರ ಪಾಸ್ಟರು ಒಂದೊಂದನ್ನೇ ಓದುತ್ತಾರೆ, ಎಲ್ಲರೂ ನಿಂತು ‘ನಂಬುತ್ತೇನೆ’ ಎನ್ನಬೇಕು. ಎಂಟಕ್ಕೂ ಅಂದವರಿಗೆ ಮಾತ್ರ, ಯೇಸುವಿನ ನೆನಪಿಗೆ ಹಂಚುವ ಕರ್ತನ ರೊಟ್ಟಿ.

ಇಪ್ಪತ್ತೆಂಟು ವರ್ಷ ಅವಳು ಎಂಟಕ್ಕೂ ಗಟ್ಟಿಯಾಗಿ ಅಂದವಳೇ. ಮೊದಲ ಕೂಸು ಹನ್ನೊಂದು ದಿನಕ್ಕೆ ತೀರಿಕೊಂಡಾಗ ಬಂದು ಅವಳ ತಲೆಯನ್ನು ಮಡಿಲಲ್ಲಿ ಇಟ್ಟುಕೊಂಡವರು ಈ ಸಭೆಯ ಹೆಂಗಸರು. ಕೂಸು ದೇವರ ಹತ್ತಿರ ಇದೆ ಕಣಮ್ಮ ಎಂದವರು ಆಗಿನ ಮುದಿ ಪಾಸ್ಟರು. ಆ ಒಂದು ಮಾತು ಹಿಡಿದುಕೊಂಡೇ ಅವಳು ಎದ್ದು ಮತ್ತೆ ಮಿಷನ್ ಮುಂದೆ ಕೂತಿದ್ದು. ಎಂಟನೆಯದನ್ನು ಹೇಳುವಾಗ ಅವಳ ಕಣ್ಣಮುಂದೆ ಬರುತ್ತಿದ್ದವರು ಕೊಲೆಗಾರರು, ಹೆಂಡತಿಗೆ ಹೊಡೆಯುವವರು. ಕೊನೆಯ ಬೆಂಚಿನಲ್ಲಿ ತೂಕಡಿಸುವವನು ಬಂದಿರಲಿಲ್ಲ.

ಎಂಟು ತಿಂಗಳ ಹಿಂದೆ ನಲ್ಲಿಯಣ್ಣ ಯಾರದೋ ಮಹಡಿಯ ಮೇಲೆ ಪೈಪು ಜೋಡಿಸುತ್ತಿದ್ದವನು ಎದೆ ಹಿಡಿದುಕೊಂಡು ಕೂತ, ಮತ್ತೆ ಏಳಲಿಲ್ಲ. ಎರಡು ವಾರವಾದ ಮೇಲೆ, ಹೊಸದಾಗಿ ಬಂದಿದ್ದ ಪಾಸ್ಟರು ಐದನೆಯ ಅಂಶದ ಮೇಲೆ ಪ್ರಸಂಗ ಮಾಡಿದರು. ಉದಾಹರಣೆಗೆ ಅವರಿಗೆ ಬೇರೆ ಯಾರೂ ಸಿಗಲಿಲ್ಲ. ನಮ್ಮ ತೊಟ್ಟಿಯನ್ನು ರಿಪೇರಿ ಮಾಡುತ್ತಿದ್ದವನು ಒಳ್ಳೆಯ ಮನುಷ್ಯ, ಆದರೆ ಒಳ್ಳೆಯತನ ಯಾರನ್ನೂ ಉಳಿಸದು, ಅವನು ಈಗ ಎಲ್ಲಿದ್ದಾನೆಂದು ನಮಗೆ ಗೊತ್ತು ಎಂದರು. ಮೂರನೆಯ ಸಾಲಿನಲ್ಲಿ ಕೂತಿದ್ದ ಟೇಲರಮ್ಮನಿಗೆ ಮೈಮೇಲೆ ಕೆಂಡ ಸುರಿದಂತಾಯಿತು. ಅಕ್ಕಪಕ್ಕದ ಹೆಂಗಸರು ತಲೆ ತಗ್ಗಿಸಿದರು. ಅಂದು ಕೂಸಿಗಾಗಿ ಅತ್ತವರು ಇವರೇನಾ ಎಂದು ಅವಳು ಒಬ್ಬೊಬ್ಬರ ಮುಖವನ್ನೂ ನೋಡಿದಳು.

ಮರುದಿನ ಪಾಸ್ಟರ ಕೋಣೆಗೆ ಹೋಗಿ, ಆ ಮಾತು ವಾಪಸ್ ತೆಗೆದುಕೊಳ್ಳಿ ಎಂದು ಕೇಳಿದಳು. ಪಾಸ್ಟರು ಕೂಗಾಡುವ ಮನುಷ್ಯನಲ್ಲ, ಕುರ್ಚಿ ಎಳೆದು ಕೂರಿಸಿದರು. ಆ ಮೆತ್ತನೆಯ ದನಿಯೇ ಅವಳಿಗೆ ಇನ್ನಷ್ಟು ಸಿಟ್ಟು ತರಿಸಿತು.

“ನಿಮಗೆ ನೋವಾಗಿದೆ ಅಂತ ಗೊತ್ತಮ್ಮ. ಆದ್ರೆ ಅದು ನನ್ನ ಮಾತಲ್ಲ, ದೇವರ ವಾಕ್ಯ.”

“ವಾಕ್ಯದಲ್ಲಿ ನಮ್ಮ ಯಜಮಾನರ ಹೆಸರು ಎಲ್ಲಿದೆ, ತೋರಿಸಿ. ಗೊತ್ತಿಲ್ಲ ಅಂತ ಒಂದು ಮಾತು ಅನ್ನಿ, ನನಗಷ್ಟೇ ಸಾಕು.”

ಪಾಸ್ಟರು ಅನ್ನಲಿಲ್ಲ. ಬದಲಿಗೆ, ಮುಂದಿನ ದೀಕ್ಷಾಸ್ನಾನದ ದಿನ ಎಂಟನೆಯದಕ್ಕೆ ಬಾಯಿ ಮುಚ್ಚಿಕೊಂಡರೆ ಸದಸ್ಯರ ಪಟ್ಟಿಯಿಂದ ತೆಗೆಯಬೇಕಾಗುತ್ತದೆ, ರೊಟ್ಟಿಯೂ ಇಲ್ಲ ಎಂದು ಅದೇ ಮೆತ್ತನೆಯ ದನಿಯಲ್ಲಿ ತಿಳಿಸಿದರು. ಸಭೆಯಲ್ಲಿ ಕೀಬೋರ್ಡ್ ನುಡಿಸುವ ಮಗಳು ಮನೆಯಲ್ಲಿ ಬೇರೆ ದುಂಬಾಲು ಬಿದ್ದಳು. ಬಾಯಲ್ಲಿ ಅಂದುಬಿಡು, ಮನಸ್ಸಿನಲ್ಲಿ ಏನಾದರೂ ಇಟ್ಟುಕೋ, ಈ ವಯಸ್ಸಿನಲ್ಲಿ ನಿನಗೆ ಇನ್ನಾರಿದ್ದಾರೆ ಎಂದಳು.

“ಸತ್ತವರನ್ನ ನನ್ನ ಬಾಯಿಂದಲೇ ಅಲ್ಲಿಗೆ ತಳ್ಳಲಾ?” ಎಂದಳು ಟೇಲರಮ್ಮ.

ಆ ಭಾನುವಾರ ಬಂತು. ನೀರಿಗಿಳಿಯುವವರು ಒಂಬತ್ತು ಮಂದಿ. ಅವರ ಮೇಲೆ ಅವಳಿಗೇನೂ ಸಿಟ್ಟಿರಲಿಲ್ಲ. ಬೆಳಿಗ್ಗೆಯೇ ಹೋಗಿ ನಿಲುವಂಗಿ ತೊಡಿಸಿ, ಗುಂಡಿ ಹಾಕಿ, ಹೆದರಬೇಡಿ ಎಂದು ಬೆನ್ನು ತಟ್ಟಿದಳು. ಆಮೇಲೆ ಮೂರನೆಯ ಸಾಲಿನಲ್ಲಿ ನಿಂತಳು. ಪಾಸ್ಟರು ಓದಿದರು. ಏಳಕ್ಕೂ ಅವಳು ‘ನಂಬುತ್ತೇನೆ’ ಅಂದಳು, ಎದೆಯಾರೆ ಅಂದಳು. ಎಂಟನೆಯದನ್ನು ಓದಿ ಪಾಸ್ಟರು ನೇರ ಅವಳ ಮುಖ ನೋಡಿದರು. ಸಭೆಯೆಲ್ಲ ಅಂದಿತು. ಅವಳ ತುಟಿ ಅಲ್ಲಾಡಲಿಲ್ಲ.

“ಅಮ್ಮ, ನಿಮ್ಮ ದನಿ ಕೇಳಲಿಲ್ಲ,” ಎಂದರು ಪಾಸ್ಟರು.

“ನಾನು ಅನ್ನಲಿಲ್ಲ,” ಎಂದಳು ಅವಳು.

ಹಾಗಾದರೆ ಸದಸ್ಯರಲ್ಲದವರ ಜಾಗದಲ್ಲಿ ಕೂತುಕೊಳ್ಳಿ ಎಂದು ಪಾಸ್ಟರು ಕೈ ತೋರಿಸಿದರು. ಟೇಲರಮ್ಮ ಮಂಡಿ ಹಿಡಿದುಕೊಂಡು ಸಭಾಂಗಣದ ಉದ್ದಕ್ಕೂ ನಡೆದು ಕೊನೆಯ ಬೆಂಚಿಗೆ ಹೋದಳು. ಗಂಡ ಕೂರುತ್ತಿದ್ದ ಜಾಗದಲ್ಲೇ ಕೂತಳು. ಅಲ್ಲಿಂದ ಎಲ್ಲರ ಬೆನ್ನು ಮಾತ್ರ ಕಾಣುತ್ತದೆ ಎಂಬುದು ಅವಳಿಗೆ ಅಂದೇ ತಿಳಿದದ್ದು.

ಹಾಡು ಶುರುವಾಯಿತು, ಪರದೆ ಸರಿಯಿತು. ತೊಟ್ಟಿಯಲ್ಲಿ ಪಾದ ಮುಳುಗುವಷ್ಟೂ ನೀರಿಲ್ಲ. ಸಭೆಯ ಬೀಗದ ಕೈ ಇಟ್ಟುಕೊಳ್ಳುವ ಹಿರಿಯರೊಬ್ಬರು ಹಿಂದಿನ ಸಂಜೆ ತೊಟ್ಟಿ ತುಂಬಿಸಿ, ಇನ್ನೂ ಬಿಗಿಯಾಗಿರಲಿ ಎಂದು ವಾಲ್ವನ್ನು ಬಲಕ್ಕೆ ಒಂದು ಸುತ್ತು ತಿರುಗಿಸಿ ಹೋಗಿದ್ದರು. ಈಗ ಅವರೇ ಪ್ಯಾಂಟು ಮಡಚಿಕೊಂಡು ತೊಟ್ಟಿಗಿಳಿದು, ಮೇಲಿನ ನಲ್ಲಿ ಬಿಡಿಸಿ, ವಾಲ್ವನ್ನು ಮತ್ತೆ ಬಲಕ್ಕೇ ತಿರುಗಿಸಿದರು. ಬಂದ ನೀರು ಬಂದ ಹಾಗೇ ಇಳಿದುಹೋಯಿತು. ಯಾರೋ ಇನ್ನೊಂದು ಕಡೆ ತಿರುಗಿಸಿ ನೋಡಿ ಎಂದರೆ, ವಾಲ್ವ್ ಅಂದಮೇಲೆ ಬಲಕ್ಕೇ ಮುಚ್ಚುವುದು, ಅಷ್ಟೂ ಗೊತ್ತಿಲ್ಲವೇ ಎಂದು ಹಿರಿಯರು ರೇಗಿದರು.

ಒಂಬತ್ತು ಮಂದಿ ನಿಲುವಂಗಿ ತೊಟ್ಟು ನಿಂತೇ ಇದ್ದರು. ಹಾಡನ್ನು ನಾಲ್ಕನೆಯ ಸಲ ಹಾಡಿಯಾಯಿತು. ಕೊನೆಗೆ ಪಾಸ್ಟರು ಅದೇ ಸಭಾಂಗಣದ ಉದ್ದಕ್ಕೂ ನಡೆದು ಕೊನೆಯ ಬೆಂಚಿಗೆ ಬಂದರು. ಹಾಡು ನಿಂತಿತ್ತು, ಎಲ್ಲರೂ ತಿರುಗಿ ನೋಡುತ್ತಿದ್ದರು.

“ಅಮ್ಮ, ಆ ವಾಲ್ವನ್ನ ನಿಮ್ಮ ಯಜಮಾನರು ಹೇಗೆ ಮುಚ್ಚುತ್ತಿದ್ರು?”

“ಅವರನ್ನೇ ಕೇಳಿ ಪಾಸ್ಟರೇ,” ಎಂದಳು ಟೇಲರಮ್ಮ. “ಎಲ್ಲಿದ್ದಾರೆ ಅಂತ ನಿಮಗೆ ಗೊತ್ತಲ್ಲ.”

ಪಾಸ್ಟರ ಮುಖ ಕೆಂಪಾಯಿತು. ಗೊತ್ತಿಲ್ಲ ಎಂಬ ಒಂದೇ ಒಂದು ಮಾತು ಅಂದಿದ್ದರೆ ಸಾಕಿತ್ತು, ಅವಳು ಎದ್ದುಹೋಗಿ ತಾನೇ ಎಡಕ್ಕೆ ತಿರುಗಿಸುತ್ತಿದ್ದಳು. ಅವಳು ಕಾದಳು ಕೂಡ. ಪಾಸ್ಟರು ಬಾಯಿ ತೆರೆದರು, ಗೋಡೆಯ ನೀಲಿ ಅಕ್ಷರದ ಕಡೆ ನೋಡಿದರು, ಬಾಯಿ ಮುಚ್ಚಿಕೊಂಡರು. ಅಷ್ಟರಲ್ಲಿ ತೊಟ್ಟಿಯೊಳಗಿಂದ ಟಣ್ ಎಂದು ಸದ್ದಾಯಿತು. ಹಿರಿಯರು ಪೈಪಿನ ತುಂಡು ಸಿಕ್ಕಿಸಿ, ಮೈಮೇಲಿನ ಬಲವೆಲ್ಲ ಹಾಕಿ ಬಲಕ್ಕೆ ಎಳೆದು, ವಾಲ್ವಿನ ಹಿಡಿಯನ್ನೇ ಮುರಿದಿದ್ದರು.

ದೀಕ್ಷಾಸ್ನಾನ ಮುಂದಕ್ಕೆ ಹೋಯಿತು. ಎಂಟನ್ನೂ ನಂಬಿದ ಒಂಬತ್ತು ಮಂದಿ ನಿಲುವಂಗಿ ಕಳಚಿಟ್ಟು ಒಣಮೈಯಲ್ಲೇ ಮನೆಗೆ ಹೋದರು. ಟೇಲರಮ್ಮ ಎಂದಿನಂತೆ ಬಟ್ಟೆಗಳನ್ನೆಲ್ಲ ಎತ್ತಿಕೊಂಡಳು. ಹಿಂಡುವ, ಒಣಹಾಕುವ ಕೆಲಸ ಇರಲಿಲ್ಲ. ಕೊನೆಯ ಬೆಂಚಿನಲ್ಲಿ ಕೂತು ಸಣ್ಣ ಕತ್ತರಿಯಿಂದ ಅಂಚಿನ ಹೊಲಿಗೆ ಬಿಚ್ಚತೊಡಗಿದಳು. ಕೀಬೋರ್ಡ್ ಮುಚ್ಚಿ ಮಗಳು ಬಂದಳು. ಪಕ್ಕದಲ್ಲಿ ಕೂತು, ಇನ್ನೊಂದು ನಿಲುವಂಗಿ ಎತ್ತಿಕೊಂಡು ಹಲ್ಲಿನಿಂದ ದಾರ ಕಚ್ಚಿದಳು.

ಪಾಸ್ಟರು ಲೈಟು ಆರಿಸಲು ಬಂದವರು ನಿಂತುಬಿಟ್ಟರು. “ಏನಮ್ಮ ಇದು? ಅವು ಸಭೆಯ ಬಟ್ಟೆ.”

“ಬಟ್ಟೆ ಸಭೆಯದೇ ಪಾಸ್ಟರೇ, ಮಡಚಿ ಇಲ್ಲೇ ಇಟ್ಟು ಹೋಗ್ತೀನಿ,” ಎಂದಳು ಟೇಲರಮ್ಮ. “ಈ ವಾಷರು ಮಾತ್ರ ನಮ್ಮ ಯಜಮಾನರದು.”