ಪ್ರೀತಿಗೆ ಪುರಾವೆ ಕೇಳಿದ ಸಮಿತಿ

ಜಗತ್ತು ನಿಂತಿರುವುದು ಪ್ರೀತಿಯ ಮೇಲೆ ಎಂದು ಹಿರಿಯರು ಹೇಳುತ್ತಾರೆ. ಕಿಡ್ನಿಯ ವಿಷಯದಲ್ಲಿ ಮಾತ್ರ ಆ ಪ್ರೀತಿಗೆ ಅಫಿಡವಿಟ್ ಮಾಡಿಸಿ, ನೋಟರಿ ಸಹಿ ಹಾಕಿಸಿ, ಮೂರು ಜೆರಾಕ್ಸ್ ಲಗತ್ತಿಸಬೇಕು.

ನಿವೃತ್ತಿಯ ಹಿಂದಿನ ವರ್ಷ ನಾನು ತಿಪಟೂರಿನ ಡಯಾಲಿಸಿಸ್ ಘಟಕವೊಂದರಲ್ಲಿ ಟೆಕ್ನಿಷಿಯನ್ ಆಗಿದ್ದೆ. ಕಿಬ್ಬನಹಳ್ಳಿ ಕಡೆಯ ಕೊಬ್ಬರಿ ವರ್ತಕ ರುದ್ರಪ್ಪನವರು ವಾರಕ್ಕೆ ಮೂರು ದಿನ ಬರುತ್ತಿದ್ದರು. ಅವರ ಫಿಸ್ಟುಲಾ, ಅಂದರೆ ಸೂಜಿ ಚುಚ್ಚಲೆಂದು ತೋಳಿನಲ್ಲಿ ಜೋಡಿಸಿದ ರಕ್ತನಾಳ, ಎರಡು ಸಲ ಮುಚ್ಚಿಹೋಗಿತ್ತು. ಕುತ್ತಿಗೆಗೆ ಹಾಕಿದ ಟ್ಯೂಬಿಗೂ ಸೋಂಕು. ಕಿಡ್ನಿ ಕೊಡೋಣವೆಂದರೆ ಹೆಂಡತಿ ಗೌರಮ್ಮನಿಗೆ ಸಕ್ಕರೆ ಕಾಯಿಲೆ. ತಮ್ಮಂದಿರ ಫೋನಿಗೆ ಅದೇ ತಿಂಗಳು ನೆಟ್‌ವರ್ಕ್ ಸಿಗದ ಕಾಯಿಲೆ. ಬೇರೆ ಕಿಡ್ನಿ ಸಿಗದಿದ್ದರೆ ಉಳಿಯುವುದಿಲ್ಲವೆಂದು ಡಾಕ್ಟರು ಹೇಳಿಬಿಟ್ಟರು.

ಆಗ ತನ್ನದನ್ನು ಕೊಡುತ್ತೇನೆಂದು ಬಂದವಳು ಸಾರಮ್ಮ. ರುದ್ರಪ್ಪನವರ ಗೋದಾಮಿನಲ್ಲಿ ಕೊಬ್ಬರಿಯ ಚಿಪ್ಪು ಬಿಡಿಸುತ್ತಿದ್ದವಳು. ಏಸುವನ್ನು ನಂಬಿದಳೆಂದು ಅವಳನ್ನು ಕೆಲಸದಿಂದ ತೆಗೆದು, ಅವಳ ಕಡೆಯವರ ಪ್ರಾರ್ಥನೆಯ ಕೋಣೆಗೆ ಬೀಗ ಹಾಕಿಸಿದ್ದವರು ಇದೇ ರುದ್ರಪ್ಪನವರು. ರಕ್ತದ ಗುಂಪು, ಪರೀಕ್ಷೆ ಎಲ್ಲವೂ ಹೊಂದಿದವು.

“ನನ್ ಜಾತಿ ಕೆಡ್ಸಾಕೆ ಬಂದ್ಯೇನಮ್ಮಿ?” ಎಂದರು ಅವರು, ಮಲಗಿದ್ದಲ್ಲಿಂದಲೇ.

“ನಿಮ್ದು ಕೆಟ್ಟಿರೋದು ಕಿಡ್ನಿ, ಸಾವ್ಕಾರ್ರೇ.”

ರುದ್ರಪ್ಪನವರು ಅರ್ಜಿಗೆ ಸಹಿ ಹಾಕಿದರು. ಸಂಬಂಧಿಕರಲ್ಲದವರು ಅಂಗ ಕೊಡುವುದಾದರೆ ಸರ್ಕಾರ ನೇಮಿಸಿದ ಸಮಿತಿ ಒಪ್ಪಬೇಕು. ಅಂಗ ಮಾರಾಟವಾಗದಿರಲೆಂದು, ದಾನಿಗೆ ರೋಗಿಯ ಮೇಲೆ ಪ್ರೀತಿಯಿದೆಯೇ ಎಂದು ಅದು ವಿಚಾರಿಸುತ್ತದೆ. ನಾನು ಪಾಠ ಹೇಳಿಕೊಟ್ಟೆ: “ಅಣ್ಣ ಇದ್ದಂಗೆ ಅನ್ನು, ಸಾಕು.”

“ಸುಳ್ಳಾಯ್ತೈತೆ ಸಾರ್.”

ಬೆಂಗಳೂರಿನ ಆಸ್ಪತ್ರೆಯ ವರಾಂಡದಲ್ಲಿ ಗೌರಮ್ಮ ಅಳುತ್ತಾ ಅವಳ ಕಾಲು ಹಿಡಿದುಕೊಂಡರು. “ಒಂದೇ ಒಂದ್ ಸುಳ್ ಹೇಳ್ಬುಡೇ ತಾಯಿ. ಪಾಪ ನಂಗಿರ್ಲಿ. ನಿಮ್ ದೇವ್ರಿಗೆ ನೂರೊಂದ್ ಕಾಯಿ ಒಡೀತೀನಿ.”

“ಅವ್ನು ಕಾಯಿ ತಗಳಲ್ಲ ಕಣಕ್ಕ,” ಎಂದ ಸಾರಮ್ಮ ತಾನೂ ಅಳತೊಡಗಿದಳು.

ಒಳಗೆ ಸಮಿತಿಯ ಅಧ್ಯಕ್ಷರು ಕೇಳಿದರು: “ಇವರ ಮೇಲೆ ಪ್ರೀತಿ ಇದೆಯೇನಮ್ಮ?”

“ಇಲ್ಲ ಸಾರ್. ಎದ್ರಿಗೆ ಬಂದ್ರೆ ಇವತ್ತೂ ಹೊಟ್ಟೆ ಉರೀತೈತೆ. ಶತ್ರೂನ ಪ್ರೀತ್ಸು ಅಂತ ಏಸಪ್ಪನ ಅಪ್ಪಣೆ ಆಗೈತೆ. ಮನ್ಸು ಕೇಳ್ತಿಲ್ಲ. ಕಿಡ್ನಿನಾದ್ರೂ ಕೇಳ್ಲಿ ಅಂತ ಬಂದೆ.”

ಅಧ್ಯಕ್ಷರು ಒಳ್ಳೆಯವರು. ಉತ್ತರವನ್ನು ಪ್ರಶ್ನೆಯೊಳಗೇ ಇಟ್ಟು ಇನ್ನೊಮ್ಮೆ ಕೇಳಿದರು: “ಒಂದಿಷ್ಟಾದರೂ ಇರಬೇಕಲ್ಲಮ್ಮಾ?”

ಬಾಗಿಲ ಬಳಿ ನಿಂತಿದ್ದ ನಾನು ಜೀವಮಾನದಲ್ಲಿ ಮೊದಲ ಬಾರಿಗೆ ಒಬ್ಬರ ಸುಳ್ಳಿಗಾಗಿ ದೇವರಲ್ಲಿ ಬೇಡಿಕೊಂಡೆ.

“ಇಲ್ಲ ಸಾರ್.”

ಹೇಳಿಕೊಟ್ಟದ್ದನ್ನು ಎಲ್ಲರೂ ಹೇಳಿಯೇ ಹೇಳುತ್ತಾರೆಂದು ನಂಬಿ ಕೆಲಸ ಮಾಡಬಾರದು. ಇಷ್ಟು ಸಣ್ಣ ಪಾಠಕ್ಕೆ ನನಗೆ ಮೂವತ್ತು ವರ್ಷ ಸರ್ವೀಸು ಬೇಕಾಯಿತು.

ಅರ್ಜಿ ತಿರಸ್ಕೃತವಾಯಿತು. ಏಳು ವಾರಗಳ ನಂತರ ರುದ್ರಪ್ಪನವರು ತೀರಿಕೊಂಡರು.