ಕೆಝಿಯಾ ಹೇಳದೆ ಉಳಿಸಿಕೊಂಡ ಪಾಪ

ಕೆಝಿಯಾ ಎದ್ದು ನಿಂತಳೆಂದರೆ ಕೆಮ್ಮು ಬಂದವರೂ ಅದನ್ನು ನುಂಗಿಕೊಳ್ಳುತ್ತಿದ್ದರು. ಕಿಗೇಜಿ ಬೆಟ್ಟಗಳ ಆ ಪುಟ್ಟ ಕ್ರೈಸ್ತ ಸಭೆಯಲ್ಲಿ ಗುರುವಾರ ಮಧ್ಯಾಹ್ನ ವಿಶ್ವಾಸಿಗಳೆಲ್ಲ ಸುತ್ತ ಕೂರುತ್ತಾರೆ. ಆ ವಾರ ಮಾಡಿದ ಪಾಪವನ್ನು ಎಲ್ಲರೆದುರು ಬಾಯಿಬಿಟ್ಟು ಹೇಳಬೇಕು. ಹೇಳಿದವರನ್ನು ಉಳಿದವರು ತಬ್ಬಿಕೊಂಡು ಹಾಡುತ್ತಾರೆ. ಬೇರೆಯವರು ಕೋಪ ಮಾಡಿಕೊಂಡೆ, ಸುಳ್ಳು ಹೇಳಿದೆ ಎಂದು ಗೊಣಗಿ ಕೂತುಬಿಡುವರು. ಕೆಝಿಯಾ ಹಾಗಲ್ಲ. ಪಕ್ಕದ ಹೊಲದ ಹುರುಳಿಕಾಯಿ ಬಳ್ಳಿಯ ಮೇಲೆ ಕಣ್ಣು ಹಾಕಿದ್ದನ್ನು ಹೇಳಿದರೂ, ಬಳ್ಳಿ ಎಷ್ಟುದ್ದ, ಕಾಯಿ ಎಷ್ಟು ತುಂಬಿತ್ತು ಎಂಬುದರ ಸಮೇತ ಹೇಳುವಳು. ಜನ ನಗುವರು, ಆಮೇಲೆ ಕಣ್ಣೊರೆಸಿಕೊಳ್ಳುವರು.

ಗಂಡ ಮಣ್ಣಾಗಿ ಒಂಬತ್ತು ವರ್ಷ. ಹೆಣ್ಣುಮಕ್ಕಳು ಬೆಟ್ಟದಾಚೆ ಸಂಸಾರ ಹೂಡಿದ್ದರು. ಗುರುವಾರ ತಬ್ಬುವ ಆ ಕೈಗಳನ್ನು ಬಿಟ್ಟರೆ ಅವಳನ್ನು ಮುಟ್ಟುವವರೇ ಇರಲಿಲ್ಲ.

ಹೋದ ಮಳೆಗಾಲದಲ್ಲಿ ಒಂದು ಗುರುವಾರ ಊರಿಗೆ ಹೊಸದಾಗಿ ಸೊಸೆಯಾಗಿ ಬಂದಿದ್ದ ಜೆನಿನಾ ಎದ್ದಳು. "ನಾನು ಪಾಪ ಮಾಡ್ದೆ. ನಮ್ ನಾದಿನಿ ಮನೆ ಹಿಂದೆ ಗುಟ್ಟಾಗಿ ಜೋಳದ ಹೆಂಡ ಮಾಡೋದು ನೋಡಿನೂ ಸುಮ್ನಿದ್ದೆ."

ನಾದಿನಿ ಮೂರು ಜನರಾಚೆ ಅಲ್ಲೇ ಕೂತಿದ್ದಳು. ಎಲ್ಲರೂ ಜೆನಿನಾಳನ್ನು ತಬ್ಬಲು ಎದ್ದರು. ಕೆಝಿಯಾಳ ಮಂಡಿ ಹಿಡಿದುಕೊಂಡಿತ್ತು, ಏಳುವುದು ತಡವಾಯಿತು. ಹಾಗಾಗಿ ಅವಳ ಕಣ್ಣಿಗೆ ಮಾತ್ರ ನಾದಿನಿ ಬಿದ್ದಳು. ಆ ಹುಡುಗಿ ತಲೆ ಎತ್ತಲಿಲ್ಲ. ಬೈಬಲಿನ ಗುರುತಿನ ದಾರವನ್ನು ಬೆರಳಿಗೆ ಸುತ್ತುತ್ತಲೇ ಇದ್ದಳು, ಅದು ಕಿತ್ತು ಬರುವವರೆಗೂ.

ಕೂಟ ಮುಗಿದ ಮೇಲೆ ಕೆಝಿಯಾ ಜೆನಿನಾಳ ಕೈ ಹಿಡಿದಳು. "ನಿನ್ ಪಾಪ ಮಾತ್ರ ಹೇಳು ಮಗಾ. ಅವಳದ್ದು ಅವಳೇ ಹೇಳ್ಕೋತಾಳೆ."

"ಏನೂ ಮುಚ್ಚಿಡಬಾರ್ದು ಅಂತ ಕಲ್ಸಿದ್ದು ನೀವೇ ಅಲ್ವಾ ಅಜ್ಜಿ?"

ಕೆಝಿಯಾ ಹಿಡಿದ ಕೈ ಬಿಟ್ಟಳು. ಇಪ್ಪತ್ತೆರಡು ವರ್ಷದ ಹಿಂದೆ ಅವಳೂ ಅದೇ ಜಾಗದಲ್ಲಿ ನಿಂತು ಹೇಳಿದ್ದಳು: "ನಾನು ಪೆರಗಿಯಾ ಅಕ್ಕನ ಜೊತೆ ಕಣಿ ಹೇಳೋನ ಮನೆಗೆ ಹೋಗಿದ್ದೆ." ಪೆರಗಿಯಾ ಅವಳ ವಾರಗಿತ್ತಿ. ಮಕ್ಕಳಾಗಲಿಲ್ಲವೆಂದು ಸಂಕಟಪಟ್ಟು, ಯಾರಿಗೂ ಹೇಳಬೇಡವೆಂದು ಕೈಮುಗಿದು, ಒಂದು ಕೋಳಿ ಹಿಡಿದುಕೊಂಡು ಹೋಗಿದ್ದಳು. ಕೆಝಿಯಾ ಜೊತೆಗೆ ಹೋಗಿದ್ದು ನಿಜ, ಒಪ್ಪಿಕೊಂಡಿದ್ದೂ ನಿಜ. ಅವತ್ತು ಅವಳನ್ನು ತಬ್ಬಿದಷ್ಟು ಜನ ಮತ್ತೆಂದೂ ತಬ್ಬಲಿಲ್ಲ. ಪೆರಗಿಯಾಳನ್ನು ಕರ್ತನ ಭೋಜನದ ರೊಟ್ಟಿ-ದ್ರಾಕ್ಷಾರಸದಿಂದ ದೂರವಿಟ್ಟರು. ಅವಳ ಗಂಡ ತಾನು ಸಾಯುವವರೆಗೂ ಅವಳ ಕೈಯಡುಗೆ ಮುಟ್ಟಲಿಲ್ಲ. ಅವಳು ಸಭೆಯ ಕಡೆ ಮತ್ತೆ ತಲೆಹಾಕಲಿಲ್ಲ. ಎರಡೂ ಮನೆಗಳ ನಡುವೆ ಇರುವುದು ಬೆಟ್ಟದ ಇಳಿಜಾರಿನ ಮೂರೇ ಮೆಟ್ಟಿಲು ಹೊಲ. ಇಬ್ಬರೂ ಒಂದೇ ಊಟೆಯಲ್ಲಿ ನೀರು ತುಂಬುತ್ತಿದ್ದರು, ಮಾತಿಲ್ಲದೆ.

ಅವತ್ತು ಪೆರಗಿಯಾಳ ಮುಖ ಹೇಗಿತ್ತು? ಕೆಝಿಯಾ ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ. ನೋಡಿದ್ದರೆ ತಾನೆ.

ಮರುದಿನ ಬೆಳಿಗ್ಗೆ ಅವಳು ಹೊಲ ಇಳಿದು ಹೋದಳು. ಬೇಲಿಯ ದಾರಿಗೆ ಮುಳ್ಳುಕೊಂಬೆ ಅಡ್ಡವಿತ್ತು. ಒಳಗೆ ಪೆರಗಿಯಾ ಕಲ್ಲಿನ ಮೇಲೆ ಜೋಳ ಅರೆಯುತ್ತಿದ್ದಳು.

"ಅಕ್ಕಾ."

"ಯಾರು ಸತ್ರು?" ಅರೆಯುವ ಕೈ ನಿಲ್ಲಲಿಲ್ಲ.

"ಯಾರೂ ಇಲ್ಲ. ಅವತ್ತು ಸಭೇಲಿ ನಿನ್ ಹೆಸ್ರು ಎತ್ತಿದ್ನಲ್ಲ, ಅದಕ್ಕೆ ಬಂದೆ."

"ಓ, ಈಗ ಭಾರ ಆಯ್ತಾ? ನಿಂಗೆ ಭಾರ ಆದಾಗ ತಂದು ನನ್ ತಲೆ ಮೇಲೆ ಇಳಿಸ್ತೀಯ. ಅವತ್ತೂ ಹಂಗೇ. ನೀನು ಹಾಡ್ಕೊಂಡು ಮನೆಗೆ ಹೋದೆ, ನಾನು ಹೊತ್ಕೊಂಡು ಕೂತೆ."

"ಕ್ಷಮಿಸ್ತೀಯಾ ಅಕ್ಕಾ?"

"ಯಾಕೆ, ಗುರುವಾರಕ್ಕೆ ಬೇಕಾ? ಹೋಗಿ ಹೇಳ್ಕೋ, ಪೆರಗಿಯಾ ಮುಳ್ಳು ಸರಿಸ್ಲಿಲ್ಲ, ಬೇಲಿ ಹೊರಗೇ ನಿಲ್ಸಿದ್ಲು ಅಂತ. ನಿನ್ ಬಾಯಲ್ಲಿ ಚೆನ್ನಾಗಿರತ್ತೆ. ಎಲ್ಲಾ ಅಳ್ತಾರೆ."

ಹೊಲ ಇಳಿಯುವಾಗಲೇ ಗುರುವಾರದ ಮಾತುಗಳು ಕೆಝಿಯಾಳೊಳಗೆ ಜೋಡಣೆಯಾಗಿಬಿಟ್ಟಿದ್ದವು. ಮುಳ್ಳುಕೊಂಬೆ ಕಂಡಾಗ, ಅದರ ವಿಷಯ ಕೊನೆಗೆ ಬರಬೇಕು ಎನ್ನುವುದೂ ಸೇರಿಕೊಂಡಿತ್ತು. ತಾನು ಬೇಡಲು ಬಂದದ್ದು ಅಕ್ಕನನ್ನೋ, ತಬ್ಬುವ ಕೈಗಳನ್ನೋ? ಅವಳು ಹಿಂದಿರುಗಿದಳು.

ಗುರುವಾರ ಬಂತು. ಸಭೆಯ ಹಿರಿಯ ಎರಿಸಾ ಕರೆದ. "ಕೆಝಿಯಮ್ಮ, ನಿಮ್ ಸರದಿ."

"ಇವತ್ತು ಹೇಳಲ್ಲ."

"ಈ ವಾರ ಪಾಪ ಮಾಡೋಕೆ ಪುರುಸೊತ್ತೇ ಸಿಗ್ಲಿಲ್ವೇನೋ," ಎಂದು ಹಿಂದಿನಿಂದ ಯಾರೋ ಕಿಚಾಯಿಸಿದರು. ಎಲ್ಲರೂ ನಕ್ಕರು.

"ಮಾಡಿದೀನಿ. ದೇವರಿಗೆ ಹೇಳಿದೀನಿ. ಇಲ್ಲಿ ಹೇಳಲ್ಲ."

ನಗು ನಿಂತಿತು. ಎರಿಸಾ ಮೆಲ್ಲಗೆ, "ಮುಚ್ಚಿಟ್ರೆ ಒಳಗೇ ಕೊಳೆಯುತ್ತೆ ಅಮ್ಮಾ," ಅಂದ. ಕೆಝಿಯಾ ತಲೆ ಅಲ್ಲಾಡಿಸಿ ಕೂತಳು. ಎರಡನೆಯ ಗುರುವಾರವೂ ಹಾಗೇ ಆಯಿತು. ಮೂರನೆಯ ವಾರ ಯಾರೂ ಅವಳನ್ನು ಕೇಳಲೇ ಇಲ್ಲ. ಮುದುಕಿಯ ವಿಶ್ವಾಸ ತಣ್ಣಗಾಗಿಬಿಟ್ಟಿದೆ ಎಂಬ ಮಾತು ಬೆಂಚಿನಿಂದ ಬೆಂಚಿಗೆ ಹೋಯಿತು. ಪಕ್ಕದಲ್ಲಿ ಕೂರುತ್ತಿದ್ದವರು ಒಂದಿಷ್ಟು ಸರಿದು ಕೂತರು. ಒಂದೇ ಒಂದು ಮಾತಾಡಿದರೆ ಸಾಕಿತ್ತು, ಅಷ್ಟೂ ಕೈಗಳು ಮತ್ತೆ ಬರುತ್ತಿದ್ದವು. ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಕೆಝಿಯಾ ತುಟಿ ಬಿಗಿಹಿಡಿದು ಹಾಡು ಮುಗಿಯುವವರೆಗೂ ನೆಲ ನೋಡಿದಳು.

ನಾಲ್ಕನೆಯ ಗುರುವಾರ ಮನೆಗೆ ಹೋಗುವಾಗ ಪೆರಗಿಯಾಳ ಬೇಲಿಯ ಒಳಗಿಂದ ಧ್ವನಿ ಬಂತು.

"ಹೇಳಿದ್ಯಾ?"

"ಇಲ್ಲ ಅಕ್ಕಾ."

"ಯಾರಾದ್ರೂ ತಬ್ಕೊಂಡ್ರಾ?"

"ಯಾರೂ ಇಲ್ಲ."

ಕಲ್ಲಿನ ಸದ್ದು ನಿಂತು, ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಶುರುವಾಯಿತು.

"ಬರೋ ವಾರಾನೂ ಹೇಳ್ಬೇಡ."

"ಹೂಂ."

ಮುಳ್ಳುಕೊಂಬೆ ಇದ್ದಲ್ಲೇ ಇತ್ತು. ಕೆಝಿಯಾ ಅದನ್ನು ಮುಟ್ಟಲಿಲ್ಲ. ಮೂರು ಮೆಟ್ಟಿಲು ಹೊಲ ಹತ್ತಿ ಮನೆಗೆ ಹೋಗಿ, ಒಬ್ಬಳಿಗೆ ಸಾಕಾಗುವಷ್ಟು ಗೆಣಸು ಬೇಯಲು ಇಟ್ಟಳು. ಕೆಳಗಿನ ಕಲ್ಲಿನ ಸದ್ದು ಅವಳ ಬಾಗಿಲವರೆಗೂ ಕೇಳುತ್ತಿತ್ತು. ಅವಳು ಬಾಗಿಲು ಹಾಕಲಿಲ್ಲ.