ಬೇಡವೆಂದ ಪ್ರಶಸ್ತಿಗೆ ಇಂಡಿಯಲ್ಲಿ ಸತ್ಕಾರ

ಶ್ರೀವಲ್ಲಭನಿಗೆ ಅಂದು ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಇಂಡಿ ಊರಿನ ಡಿಗ್ರಿ ಕಾಲೇಜಿನಲ್ಲಿ ಗಣಿತ ಕಲಿಸುವ ಈ ಮನುಷ್ಯ ಪಡಸಾಲೆಗೂ ಹಿತ್ತಲಿಗೂ ಅಲೆದಾಡಿ, ಹೆಂಡತಿ ಮಂಜರಿ ಆಗಷ್ಟೇ ಒರೆಸಿದ ನೆಲದ ತುಂಬ ಹೆಜ್ಜೆ ಮೂಡಿಸಿದ್ದ. ಸಂಜೆ ಊರವರು ಅವನಿಗೆ ಸತ್ಕಾರ ಇಟ್ಟುಕೊಂಡಿದ್ದರು. ಯಾತಕ್ಕೆಂದರೆ, ದೊಡ್ಡದೊಂದು ಗಣಿತ ಪ್ರಶಸ್ತಿಯನ್ನು ಅವನು ಬೇಡವೆಂದಿದ್ದಕ್ಕೆ! ಪ್ರಶಸ್ತಿ ಪಡೆದವರಿಗೆ ಶಾಲು ಹೊದಿಸುವುದು ಎಲ್ಲ ಕಡೆ ಉಂಟು. ಬಿಟ್ಟವನಿಗೂ ಹೊದಿಸಿಯೇ ತೀರುತ್ತೇವೆ ಎಂಬ ಹಟ ನಮ್ಮವರದ್ದೇ.

ಬೇಡವೆಂದ ಕಾರಣವನ್ನು ಅವನು ಯಾರಿಗೂ ಹೇಳಿರಲಿಲ್ಲ. ಹೇಳದಿದ್ದರೆ ಊರು ಸುಮ್ಮನಿರುತ್ತದೆಯೇ? ತಾನೇ ಒಂದು ಕಟ್ಟಿತು. ವಾರದಿಂದ ಬೋಳಿಸದ ಅವನ ಗಡ್ಡ ನೋಡಿ ವಾಟ್ಸಾಪಿನವರು ಹಣ, ಹೆಸರು ಎರಡನ್ನೂ ಬಿಟ್ಟ ಋಷಿ ಎಂದರು.

ನಿಜ ಬೇರೆ ಇತ್ತು. ಸಂಖ್ಯೆಗಳ ಕುರಿತ ಒಂದು ಹಳೆಯ ಸಮಸ್ಯೆಯನ್ನು ಅವನಿಗೆ ಹಿಡಿಸಿದವರು ಗುರು ರಾವಸಾಬ ಸರ್. ವರ್ಷಗಟ್ಟಲೆ ತಿಣುಕಿದರೂ ಅದು ಜಗ್ಗಲಿಲ್ಲ. ಕೊನೆಗೆ ದಾರಿ ಕಂಡವಳು ಅವರಲ್ಲೇ ಸಂಶೋಧನೆ ಮಾಡುತ್ತಿದ್ದ ಯಂಕಂಚಿಯ ಪಲ್ಲವಿ. ಬಾವಿ ತೋಡುವಾಗ ಬಂಡೆ ಒಡೆದವಳು ಅವಳು, ಆಮೇಲೆ ಕಟ್ಟೆ ಕಟ್ಟಿದವರು ಇವರಿಬ್ಬರು. ಪ್ರಬಂಧ ಜರ್ನಲಿನಲ್ಲಿ ಅಚ್ಚಾಗಿ ಬಂದಾಗ ಮಾತ್ರ ಅದರ ಮೇಲೆ ಇದ್ದದ್ದು ಕಟ್ಟೆ ಕಟ್ಟಿದವರ ಹೆಸರು.

"ಆಕಿ ನಡುವ ಬಿಟ್ಟು ಸಾಲಿ ನೌಕರಿಗೆ ಹ್ವಾದ್ಳು. ಬಿಟ್ಟವರ ಹೆಸರು ಹಾಕೂದು ಪದ್ಧತಿ ಅಲ್ಲೋ ತಮ್ಮಾ," ಎಂದಿದ್ದರು ರಾವಸಾಬ ಸರ್.

ಶ್ರೀವಲ್ಲಭ ಬಾಯಿ ತೆರೆಯಲಿಲ್ಲ. ಓದುವ ದಿನಗಳಲ್ಲಿ ಸರ್ ಅವನನ್ನು ಮನೆಯಲ್ಲಿಟ್ಟುಕೊಂಡು ಅನ್ನ ಹಾಕಿದ್ದರು. ಉಂಡ ಮನೆಯ ಜಂತಿ ಎಣಿಸುವುದು ಹೇಗೆ? ಆಮೇಲೆ ಕಿರಿಯ ಗಣಿತಜ್ಞರಿಗೆ ಕೊಡುವ ಪ್ರಶಸ್ತಿ ಆ ಪ್ರಬಂಧಕ್ಕೆಂದು ಅವನಿಗೊಬ್ಬನಿಗೇ ಬಂದಾಗ ನುಂಗಲೂ ಆಗದೆ ಉಗುಳಲೂ ಆಗದೆ, 'ವೈಯಕ್ತಿಕ ಕಾರಣ' ಎಂದು ಬರೆದು ಕೈತೊಳೆದುಕೊಂಡ. ಪಲ್ಲವಿಗೆ ನ್ಯಾಯ ಮಾಡಿದೆ ಎಂದೇ ತಿಳಿದಿದ್ದ, ಪುಣ್ಯಾತ್ಮ.

ಸತ್ಕಾರದ ಸುದ್ದಿ ಕೇಳಿ ಮೋರಟಗಿಯ ಹೈಸ್ಕೂಲಿನಿಂದ ಅವಳೇ ಫೋನು ಮಾಡಿದಳು.

"ಸರ, ಬರೂ ವಾರ ನನ್ನ ಕಾಲೇಜ ನೌಕರಿ ಸಂದರ್ಶನ ಐತ್ರಿ. 'ನಿನ್ನ ಸಂಶೋಧನಾ ಏನು' ಅಂತ ಕೇಳಿದ್ರ ಏನ್ ತೋರಸ್ಲಿ? ನೀವು ಪ್ರಶಸ್ತಿ ಬಿಟ್ಟಿದ್ದಕ್ಕ ನನಗೇನ್ ಸಿಕ್ತ್ರಿ? ತಗೊಂಡಿದ್ರೂ ಹೆಸರು ನಿಮಗ. ಬಿಟ್ರೂ ನಿಮಗ."

ಆ ಮಾತೇ ಅವನನ್ನು ಮನೆತುಂಬ ಓಡಾಡಿಸುತ್ತಿತ್ತು.

"ಹಾವೂ ಸಾಯ್ಬೇಕು, ಕೋಲೂ ಮುರೀಬಾರ್ದು ಅಂದ್ರ ಹ್ಯಾಂಗ್ರಿ?" ಎಂದಳು ಮಂಜರಿ, ಮತ್ತೆ ನೆಲ ಒರೆಸುತ್ತ.

ಸಂಜೆ ಸಭೆಯಲ್ಲಿ ಲಿಂಬೆಹಣ್ಣಿನ ವ್ಯಾಪಾರಿ ಗುರುಲಿಂಗಪ್ಪ ಅವನ ತಲೆಗೆ ಫೇಟಾ ಸುತ್ತಿಸಿ ಶಾಲು ಹೊದಿಸಿದ. ಅಧ್ಯಕ್ಷರ ಕುರ್ಚಿಯಲ್ಲಿ ರಾವಸಾಬ ಸರ್. ಶ್ರೀವಲ್ಲಭ ಮೈಕಿನ ಮುಂದೆ ನಿಂತ.

"ಆ ಲೆಕ್ಕದ ಗಂಟು ಬಿಡಿಸಿದಾಕಿ ಯಂಕಂಚಿ ಪಲ್ಲವಿ. ನಾ ಅಲ್ಲ," ಎಂದ.

ಚಪ್ಪಾಳೆಯೋ ಚಪ್ಪಾಳೆ! "ನೋಡ್ರಿ, ದೊಡ್ಡವರು ಅಂದ್ರ ಹಿಂಗಿರ್ಬೇಕು. ಎಂಥಾ ವಿನಯ!" ಎಂದು ಗುರುಲಿಂಗಪ್ಪ ಕಣ್ಣು ಒರೆಸಿಕೊಂಡ. ರಾವಸಾಬ ಸರ್ ಕೂಡ ನಗುತ್ತ ಕೈ ತಟ್ಟುತ್ತಿದ್ದರು. ಆ ನಗು ಕಂಡದ್ದೇ ತಡ, ಶ್ರೀವಲ್ಲಭನ ಮೈ ಉರಿದುಹೋಯಿತು.

"ಇದು ವಿನಯ ಅಲ್ರಿ, ಕಳವು! ಆಕಿ ಹೆಸರು ನಾವು ಕದ್ದೇವಿ. ನಮ್ಮ ಸರ್ ತಗದ್ರು, ನಾ ಬಾಯಿ ಮುಚ್ಚಿಕೊಂಡು ಕುಂತೆ. ಕದ್ದ ಮಾಲು ಅಂತ ಪ್ರಶಸ್ತಿ ಬ್ಯಾಡಂದೆ."

ತಟ್ಟುತ್ತಿದ್ದ ಕೈಗಳು ಅಲ್ಲಲ್ಲೇ ನಿಂತವು. ರಾವಸಾಬ ಸರ್ ಎದ್ದರು.

"ನನ್ನ ಮನ್ಯಾಗ ಉಂಡು ಬೆಳದಾಂವ ನೀ."

"ಹೌದ್ರಿ ಸರ. ಆ ಋಣ ನಂದು, ಆಕೀದಲ್ಲ. ಇಷ್ಟ ದಿನ ಅದನ್ನ ಆಕಿ ಹೆಸರು ಕೊಟ್ಟು ತೀರಿಸಿದ್ನಿ."

ಸರ್ ವೇದಿಕೆಯ ಮೆಟ್ಟಿಲಿಳಿದು ಹೋದರು. ಜನ ಸತ್ಕಾರಕ್ಕೆಂದು ತಂದಿಟ್ಟ ಹಣ್ಣಿನ ಬುಟ್ಟಿಯ ಕಡೆ ನೋಡುತ್ತ ನಿಂತರು, ಕೊಡಬೇಕೋ ಬಿಡಬೇಕೋ ಯಾರಿಗೂ ತಿಳಿಯಲಿಲ್ಲ.

ಮನಸ್ಸು ಹಗುರಾಯಿತೇ ಎಂದರೆ, ಇಲ್ಲ. ತಂದೆಯಂಥವರನ್ನು ಕಳೆದುಕೊಂಡ ಸಂಕಟ ಎದೆಯನ್ನು ಹಿಂಡುತ್ತಿತ್ತು. ಮನೆಗೆ ಬಂದವನೇ, ಫೇಟಾ ಕೂಡ ತೆಗೆಯದೆ, ತಪ್ಪು ತಿದ್ದಿ ಅಚ್ಚು ಹಾಕಬೇಕೆಂದು ಜರ್ನಲಿನವರಿಗೆ ಬರೆಯಲು ಕೂತ. ಮೊದಲು ಪಲ್ಲವಿಯ ಹೆಸರು ಹಾಕಿದ. ಆಮೇಲೆ ಬಹಳ ಹೊತ್ತು ತಡೆದು, ತನ್ನ ಹೆಸರಿಗಿಂತ ಮೇಲೆ, ರಾವಸಾಬ ಸರ್ ಹೆಸರು ಬರೆದ. ಸಮಸ್ಯೆಯನ್ನು ಕೈಗೆ ಕೊಟ್ಟವರು ಅವರೇ, ಅದೂ ಸುಳ್ಳಾಗಿರಲಿಲ್ಲ.